ಶುಶ್ರೂಷೆಯ ಋಣ

ವೈದ್ಯನಿಲ್ಲದ ಊರಿನಲ್ಲಿ ವಾಸಿಸಬಾರದೆಂಬ ಮಾತು ಪ್ರಾಚೀನ ನೀತಿಗ್ರಂಥಗಳಲ್ಲಿ ಬರುತ್ತದೆ. ಊರನ್ನು ಆರಿಸಿಕೊಳ್ಳುವ ಅನುಕೂಲವುಳ್ಳವನಿಗೆ ಅದು ಒಳ್ಳೆಯ ಬುದ್ಧಿವಾದವೇ ಸರಿ. ಆದರೆ ರೋಗದಿಂದ ಹಾಸಿಗೆ ಹಿಡಿದವನು ಊರನ್ನು ಬಿಟ್ಟು ಹೋಗಲಾರನು. ಅವನ ಆರೈಕೆಗೆಂದು ವಿದ್ಯೆ ಕಲಿತವರು ಹೋಗಬಲ್ಲರು. ಇಂದು ಹೋಗುತ್ತಲೂ ಇದ್ದಾರೆ. ಹಳ್ಳಿಯಿಂದ ನಗರಕ್ಕೆ, ನಗರದಿಂದ ಹೊರದೇಶಕ್ಕೆ, ಆ ದೇಶದಿಂದ ಅದಕ್ಕಿಂತಲೂ ಸಿರಿವಂತವಾದ ಇನ್ನೊಂದು ದೇಶಕ್ಕೆ ವೈದ್ಯರೂ ದಾದಿಯರೂ ವಲಸೆ ಹೋಗುತ್ತಿರುವುದು ಈ ಕಾಲದ ಒಂದು ದೊಡ್ಡ ಸಂಗತಿ. ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಆ ನಷ್ಟವನ್ನು ತುಂಬಿಕೊಡಬೇಕಾದವರು ಯಾರು ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2023ರಲ್ಲಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ದಾದಿಯರಿದ್ದರು. ಇನ್ನೂ 58 ಲಕ್ಷ ದಾದಿಯರ ಕೊರತೆಯಿತ್ತು. ಇದ್ದವರಾದರೂ ಸಮನಾಗಿ ಹಂಚಿಹೋಗಿರಲಿಲ್ಲ. ದಾದಿಯರಲ್ಲಿ ಶೇಕಡಾ 78ರಷ್ಟು ಮಂದಿ ಇದ್ದ ದೇಶಗಳಲ್ಲಿ ಜಗತ್ತಿನ ಜನಸಂಖ್ಯೆಯ ಶೇಕಡಾ 49 ಭಾಗ ಮಾತ್ರ ವಾಸಿಸುತ್ತಿತ್ತು. ಪ್ರತಿ ಏಳು ದಾದಿಯರಲ್ಲಿ ಒಬ್ಬಳು ತಾನು ಹುಟ್ಟಿದ ದೇಶವನ್ನು ಬಿಟ್ಟು ಬೇರೆಡೆ ದುಡಿಯುತ್ತಿದ್ದಳು. ಸಿರಿವಂತ ದೇಶಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಆ ದೇಶಗಳಲ್ಲಿ ವೃದ್ಧರ ಸಂಖ್ಯೆ ಏರುತ್ತಿದೆ. ಹುಟ್ಟುವ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ತಮಗೆ ಬೇಕಾದಷ್ಟು ಮಂದಿಯನ್ನು ತಾವೇ ತರಬೇತುಗೊಳಿಸುವುದಕ್ಕಿಂತ, ಬೇರೆಯವರು ತರಬೇತುಗೊಳಿಸಿದವರನ್ನು ಕರೆಸಿಕೊಳ್ಳುವುದು ಅವುಗಳಿಗೆ ಸುಲಭವಾಗಿ ಕಂಡಿದೆ.

ದಕ್ಷಿಣ ಭಾರತಕ್ಕೆ ಈ ವಲಸೆ ಹೊಸದಲ್ಲ. 1960ರ ದಶಕದಲ್ಲಿಯೇ ಕೇರಳದ ತರುಣಿಯರು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿಯ ದೇಶಗಳು ಸಂಪನ್ನವಾದಾಗ, ಅಲ್ಲಿ ಎದ್ದ ಹೊಸ ಆಸ್ಪತ್ರೆಗಳು ಅವರನ್ನು ಕರೆದವು. ಅನಂತರ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳ ಬಾಗಿಲುಗಳೂ ತೆರೆದವು. ಈ ಪ್ರಯಾಣದಲ್ಲಿ ಕರ್ನಾಟಕಕ್ಕೂ ಪಾಲುಂಟು. ಮಂಗಳೂರು, ಬೆಂಗಳೂರುಗಳ ಶುಶ್ರೂಷಾ ವಿದ್ಯಾಲಯಗಳಲ್ಲಿ ಕನ್ನಡನಾಡಿನ ಹೆಣ್ಣುಮಕ್ಕಳ ಜೊತೆಗೆ ಕೇರಳದಿಂದ ಬಂದವರೂ ದೊಡ್ಡ ಸಂಖ್ಯೆಯಲ್ಲಿ ಓದುತ್ತಾರೆ. ಅವರಲ್ಲಿ ಅನೇಕರ ದೃಷ್ಟಿ ಓದು ಮುಗಿಯುವ ಮೊದಲೇ ಕಡಲಾಚೆಗೆ ನೆಟ್ಟಿರುತ್ತದೆ.

ಹಾಗೆ ಹೋಗುವವಳನ್ನು ಸ್ವಾರ್ಥಿಯೆಂದು ನಿಂದಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ರೋಗಿಯ ಮೈ ಮುಟ್ಟಿ ಮಾಡುವ ಕೆಲಸವೆಂದು ಒಂದು ಕಾಲದಲ್ಲಿ ಅನೇಕ ಕುಟುಂಬಗಳು ಈ ವೃತ್ತಿಯನ್ನು ಕೀಳಾಗಿ ಕಂಡವು. ಆ ವೃತ್ತಿಯನ್ನೇ ಕೈಗೊಂಡ ಹೆಣ್ಣುಮಕ್ಕಳು ದೂರದೇಶದಿಂದ ಕಳುಹಿಸಿದ ಹಣದಿಂದ ಸಾಲ ತೀರಿತು, ತಮ್ಮಂದಿರ ಓದು ನಡೆಯಿತು, ತಂಗಿಯರ ಮದುವೆಯಾಯಿತು, ಸೋರುತ್ತಿದ್ದ ಮನೆಗೆ ಭದ್ರವಾದ ಮಾಡು ಬಂದಿತು. ದುಡಿಮೆಗೆ ತಕ್ಕ ಪ್ರತಿಫಲವನ್ನು ಬಯಸುವುದು ಎಂಜಿನಿಯರನಿಗೆ ತಪ್ಪಲ್ಲವಾದರೆ ದಾದಿಗೆ ಏಕೆ ತಪ್ಪಾಗಬೇಕು?

ಇಲ್ಲಿ ಅವಳಿಗೆ ದೊರೆಯುತ್ತಿದ್ದುದೇನು ಎಂಬುದನ್ನೂ ನೋಡಬೇಕು. ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರ ಸಂಬಳ ಹಾಗೂ ಸೇವಾಸ್ಥಿತಿಗಳ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2016ರಲ್ಲಿ ನ್ಯಾಯಾಲಯದ ನಿರ್ದೇಶನದಂತೆ ನೇಮಕವಾದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಸಣ್ಣ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಿರಕೂಡದೆಂದು ಶಿಫಾರಸು ಮಾಡಿತು. ಇಷ್ಟನ್ನು ಕೊಡಿಸಲು ಒಂದು ಸಮಿತಿ ಬೇಕಾಯಿತೆಂಬುದೇ ಅಂದಿನ ಸ್ಥಿತಿಯನ್ನು ತಿಳಿಸುತ್ತದೆ. ಆ ಶಿಫಾರಸು ಎಲ್ಲ ಕಡೆಯೂ ಆಚರಣೆಗೆ ಬರಲಿಲ್ಲ. ರಾತ್ರಿಯೆಲ್ಲ ನಿದ್ರೆಗೆಟ್ಟು ಪರರ ಪ್ರಾಣವನ್ನು ಕಾಯುವವಳಿಗೆ ಬಾಯಲ್ಲಿ ದೇವತೆಯ ಪಟ್ಟವನ್ನೂ ಕೈಯಲ್ಲಿ ಕೂಲಿಗಿಂತ ಕಡಿಮೆ ಹಣವನ್ನೂ ಕೊಡುವ ಸಮಾಜವು, ಅವಳು ಹೊರಟುನಿಂತಾಗ ದೇಶಪ್ರೇಮದ ಪಾಠ ಹೇಳಲಾಗದು.

ಹೋದಲ್ಲೆಲ್ಲ ಸುಖವೇ ಕಾದಿರುತ್ತದೆಂದೂ ಹೇಳುವಂತಿಲ್ಲ. 2014ರಲ್ಲಿ ಇರಾಕಿನ ತಿಕ್ರಿತ್ ನಗರದಲ್ಲಿ ಯುದ್ಧದ ನಡುವೆ 46 ಮಂದಿ ಭಾರತೀಯ ದಾದಿಯರು ಸಿಕ್ಕಿಬಿದ್ದರು. ಜುಲೈ ತಿಂಗಳಲ್ಲಿ ಅವರು ಬಿಡುಗಡೆಯಾಗಿ ಕೊಚ್ಚಿಗೆ ಬಂದಿಳಿದರು. ಕೆಲಸ ದೊರಕಿಸಿಕೊಡುವ ದಲ್ಲಾಳಿಗಳಿಗೆ ತೆರಲು ಅವರಲ್ಲಿ ಹಲವರು ಸಾಲ ಮಾಡಿದ್ದರು. ಗುಂಡಿನ ಸದ್ದಿನ ನಡುವೆಯೂ, ಬರಿಗೈಯಲ್ಲಿ ಊರಿಗೆ ಮರಳುವುದು ಹೇಗೆಂಬ ಚಿಂತೆ ಅಂಥವರನ್ನು ಕಾಡಿತು. 2015ರಲ್ಲಿ ಭಾರತ ಸರ್ಕಾರವು, ವಲಸೆ ಪರಿಶೀಲನೆಗೆ ಒಳಪಟ್ಟ 18 ದೇಶಗಳಿಗೆ ದಾದಿಯರ ನೇಮಕವು ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂದು ವಿಧಿಸಿತು. ಅವರಿಗೆ ರಕ್ಷಣೆ ಎಷ್ಟು ಅಗತ್ಯವಾಗಿತ್ತೆಂಬುದಕ್ಕೆ ಈ ಕ್ರಮವೇ ಸಾಕ್ಷಿ.

ಹೋಗುವವಳ ಕಷ್ಟ ಹೀಗಾದರೆ, ಅವಳು ಬಿಟ್ಟುಹೋದ ಊರಿನ ಕಷ್ಟ ಇನ್ನೊಂದು ಬಗೆಯದು. ವಲಸೆಯು ಒಂದು ಏಣಿಯಂತೆ. ಮೇಲಿನ ಮೆಟ್ಟಿಲು ತೆರವಾದರೆ ಅದರ ಕೆಳಗಿನವರು ಅಲ್ಲಿಗೆ ಏರುತ್ತಾರೆ. ಲಂಡನ್ನಿಗೆ ಹೋದವಳ ಸ್ಥಾನವನ್ನು ದುಬೈಯಲ್ಲಿ ಬೆಂಗಳೂರಿನವಳು ತುಂಬುತ್ತಾಳೆ. ಬೆಂಗಳೂರಿನ ಆಸ್ಪತ್ರೆಗೆ ತಾಲ್ಲೂಕಿನಿಂದ ಬಂದವಳು ಸೇರುತ್ತಾಳೆ. ಏಣಿಯ ಬುಡದಲ್ಲಿರುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರತಕ್ಕವರು ಯಾರೂ ಇರುವುದಿಲ್ಲ. ನಡುರಾತ್ರಿ ಹೆರಿಗೆಯ ನೋವು ತಿನ್ನುತ್ತಿರುವ ತಾಯಿಗೆ ಜಾಗತೀಕರಣವೆಂದರೆ ಬೀಗ ಹಾಕಿದ ಒಂದು ಬಾಗಿಲು.

ಆಫ್ರಿಕಾದ ದೇಶಗಳಲ್ಲಿ ಈ ಸಂಕಟ ಇನ್ನಷ್ಟು ತೀವ್ರವಾಗಿತ್ತು. ಜಗತ್ತಿನ ರೋಗಭಾರದಲ್ಲಿ ಶೇಕಡಾ 24ಕ್ಕಿಂತ ಹೆಚ್ಚು ಭಾಗವನ್ನು ಹೊತ್ತ ಆಫ್ರಿಕಾ ವಲಯಕ್ಕೆ ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ಶೇಕಡಾ 3 ಭಾಗ ಮಾತ್ರ ದಕ್ಕಿದೆಯೆಂದು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವರದಿ ಮಾಡಿತು. ಬಡರೈತನು ತೆತ್ತ ತೆರಿಗೆಯಿಂದ ಕಲಿತ ವಿದ್ಯೆ ಸಿರಿವಂತನ ಶುಶ್ರೂಷೆಗೆ ಸಲ್ಲುತ್ತದೆ; ಕಲಿಸಿದ ದೇಶಕ್ಕೆ ಅದರ ವೆಚ್ಚ ಮರಳಿ ಬರುವುದಿಲ್ಲ. ಇದು ಬಡವನು ಧನಿಕನಿಗೆ ಕೊಡುವ ದಾನ. ಆದರೆ ಇದನ್ನು ಯಾರೂ ದಾನವೆಂದು ಕರೆಯುವುದಿಲ್ಲ.

ಹಾಗಾದರೆ ವಲಸೆಯನ್ನು ನಿಷೇಧಿಸಬೇಕೆ? 2020ರ ಏಪ್ರಿಲ್ ತಿಂಗಳಲ್ಲಿ, ಕೋವಿಡ್ ಪಿಡುಗಿನ ಕಾಲದಲ್ಲಿ, ಫಿಲಿಪ್ಪೀನ್ಸ್ ಸರ್ಕಾರವು ಆರೋಗ್ಯ ಸಿಬ್ಬಂದಿ ಹೊರದೇಶಕ್ಕೆ ಹೋಗುವುದನ್ನು ತಡೆಯಿತು. ಆ ವರ್ಷದ ಕೊನೆಗೆ ಅದನ್ನು ಸಡಿಲಿಸಿ, ವರ್ಷಕ್ಕೆ 5,000 ಮಂದಿ ಹೋಗಬಹುದೆಂದು ಮಿತಿ ಹಾಕಿತು. ಮುಂದೆ ಆ ಮಿತಿಯನ್ನೂ ಏರಿಸಬೇಕಾಯಿತು. ವಿಪತ್ತಿನ ಕಾಲದಲ್ಲಿ ಇಂಥ ತಡೆ ಅನಿವಾರ್ಯವಾದೀತು. ಆದರೆ ಬಾಗಿಲಿಗೆ ಅಗುಳಿ ಹಾಕಿದ ಮಾತ್ರಕ್ಕೆ ಮನೆ ವಾಸಯೋಗ್ಯವಾಗುವುದಿಲ್ಲ.

ಇನ್ನೊಂದು ಮಾರ್ಗವೂ ಉಂಟು. ಮಲಾವಿ ಆಫ್ರಿಕಾದ ಒಂದು ಬಡ ರಾಷ್ಟ್ರ. ಏಡ್ಸ್ ರೋಗದ ಹೊಡೆತದಿಂದಲೂ ವಲಸೆಯಿಂದಲೂ ಅಲ್ಲಿಯ ಆಸ್ಪತ್ರೆಗಳು ಬರಿದಾಗಿದ್ದಾಗ, ಸರ್ಕಾರವು ಒಂದು ತುರ್ತು ಯೋಜನೆಯನ್ನು ಕೈಗೊಂಡಿತು. ಹನ್ನೊಂದು ವರ್ಗಗಳ ಆರೋಗ್ಯ ಸಿಬ್ಬಂದಿಯ ಸಂಬಳಕ್ಕೆ ಶೇಕಡಾ 52ರಷ್ಟು ಹೆಚ್ಚುವರಿ ಸೇರಿಸಲಾಯಿತು. ತರಬೇತಿಯ ಸೌಲಭ್ಯವನ್ನು ವಿಸ್ತರಿಸಲಾಯಿತು. ವೆಚ್ಚದ ಒಂದು ದೊಡ್ಡ ಪಾಲನ್ನು ಬ್ರಿಟನ್ ವಹಿಸಿತು. ಮಲಾವಿಯ ದಾದಿಯರನ್ನು ಸೆಳೆದುಕೊಂಡಿದ್ದ ದೇಶವೂ ಅದೇ ಆಗಿತ್ತು. 2004ರಲ್ಲಿ 5,453 ಇದ್ದ ಆ ವರ್ಗಗಳ ಸಿಬ್ಬಂದಿ 2009ರ ಹೊತ್ತಿಗೆ 8,369ಕ್ಕೆ ಏರಿತು. ಪಡೆದವರು ಕೊಡಲು ಒಪ್ಪಿದರೆ, ಇದ್ದಲ್ಲಿಯೇ ಇರಲು ಕಾರಣ ದೊರೆತರೆ, ಜನ ಉಳಿಯುತ್ತಾರೆ ಎಂಬುದನ್ನು ಇದು ತೋರಿಸಿತು.

ಆದರೆ ಇಂಥ ಹೊಣೆ ಇಂದಿಗೂ ದೊಡ್ಡ ರಾಷ್ಟ್ರಗಳ ಇಚ್ಛೆಗೆ ಬಿಟ್ಟ ವಿಷಯವಾಗಿದೆ. 2010ರಲ್ಲಿ ವಿಶ್ವ ಆರೋಗ್ಯ ಸಭೆಯು ಹೊರದೇಶಗಳಿಂದ ಆರೋಗ್ಯ ಸಿಬ್ಬಂದಿಯನ್ನು ನೇಮಿಸಿಕೊಳ್ಳುವ ಬಗ್ಗೆ ಒಂದು ನೀತಿಸಂಹಿತೆಯನ್ನು ಅಂಗೀಕರಿಸಿತು. ಅದು ಸದಾಶಯದಿಂದ ಕೂಡಿದುದು, ಆದರೆ ಕಡ್ಡಾಯವಲ್ಲ. ಸಿಬ್ಬಂದಿಯ ತೀವ್ರ ಕೊರತೆಯಿರುವ 55 ದೇಶಗಳ ಪಟ್ಟಿಯೊಂದನ್ನು 2023ರಲ್ಲಿ ಪ್ರಕಟಿಸಲಾಯಿತು. ಅದರಲ್ಲಿ ಭಾರತ ಸೇರಿರಲಿಲ್ಲ. ದೇಶದ ಒಟ್ಟು ಲೆಕ್ಕದಲ್ಲಿ ನಗರದ ಸಮೃದ್ಧಿಯು ಹಳ್ಳಿಯ ಬರವನ್ನು ಮುಚ್ಚಿಬಿಡುತ್ತದೆ.

ಆ ಬರವನ್ನು ನೀಗಿಸುವ ಕೆಲಸ ಸ್ವದೇಶದಲ್ಲಿಯೇ ಆರಂಭವಾಗಬೇಕು. ಕರ್ನಾಟಕವು ವೈದ್ಯ ಪದವೀಧರರಿಗೆ ಕಡ್ಡಾಯ ಸೇವೆಯನ್ನು ವಿಧಿಸುವ ಕಾನೂನನ್ನು 2012ರಲ್ಲಿ ರೂಪಿಸಿತು. ಕಾನೂನು ಒಬ್ಬನನ್ನು ಹಳ್ಳಿಗೆ ಕಳುಹಿಸಬಲ್ಲದು. ಅಲ್ಲಿ ಅವನನ್ನು ನೆಲೆಗೊಳಿಸಲಾರದು. ಗ್ರಾಮಾಂತರದಲ್ಲಿ ಹುಟ್ಟಿ ಬೆಳೆದವರನ್ನೇ ಆರಿಸಿ ತರಬೇತುಗೊಳಿಸಿದರೆ ಅವರು ಗ್ರಾಮಗಳಲ್ಲಿ ಉಳಿಯುವ ಸಂಭವ ಹೆಚ್ಚೆಂಬುದು ಅನೇಕ ದೇಶಗಳ ಅನುಭವ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗ ಜನಾಂಗದ ಹೆಣ್ಣುಮಕ್ಕಳಿಗೇ ಆರೋಗ್ಯ ಸೇವೆಯ ತರಬೇತಿ ನೀಡಿದುದರ ಹಿಂದೆ ಇದೇ ವಿವೇಕವಿದೆ. ತನ್ನ ಭಾಷೆಯನ್ನು ಅರಿತವಳ ಕೈಯಿಂದ ಔಷಧಿ ಪಡೆಯುವಾಗ ರೋಗಿಗೆ ಭಯ ಕಡಿಮೆ. ಆದರೆ ಸ್ಥಳೀಯಳೆಂಬ ಕಾರಣಕ್ಕೆ ಅವಳಿಗೆ ಕಡಿಮೆ ಸಂಬಳ ಕೊಡುವುದಾದರೆ ಅದು ಹಳೆಯ ಅನ್ಯಾಯದ ಹೊಸ ರೂಪವಾದೀತು.

ವಿದ್ಯೆಗೆ ಗಡಿಯಿಲ್ಲವೆಂಬುದು ನಿಜ. ಕಲಿತವಳಿಗೆ ಹೋಗುವ ಹಕ್ಕುಂಟು. ಉಳಿದು ಗೌರವದಿಂದ ಬಾಳುವ ಹಕ್ಕೂ ಉಂಟು. ಎರಡನೆಯದು ಇಲ್ಲದೆಡೆಯಲ್ಲಿ ಮೊದಲನೆಯದು ಆಯ್ಕೆಯಾಗಿ ಉಳಿಯದೆ ನಿರ್ಬಂಧವಾಗುತ್ತದೆ. ಶುಶ್ರೂಷೆಯ ಋಣವಿರುವುದು ದಾದಿಯ ಮೇಲಲ್ಲ. ಅವಳನ್ನು ಬಿಟ್ಟಿಯಾಗಿ ಪಡೆದ ಸಿರಿವಂತ ದೇಶವೂ, ಅವಳ ಬೆಲೆಯನ್ನು ಅರಿಯದ ತಾಯ್ನಾಡೂ ಆ ಋಣವನ್ನು ಹಂಚಿಕೊಂಡು ತೀರಿಸಬೇಕು. ಹಾಸಿಗೆ ಹಿಡಿದ ರೋಗಿಯು ಊರನ್ನು ಬಿಟ್ಟು ಹೋಗಲಾರನು. ಅವನಿದ್ದಲ್ಲಿಗೆ ಆರೈಕೆಯ ಕೈಯೊಂದು ತಲುಪುವಂತೆ ಮಾಡುವುದೇ ನಾಗರಿಕತೆಯ ಮೊದಲ ಕರ್ತವ್ಯ.