ಕ್ಯು ಇದೆ, ಯು ಇಲ್ಲ, ಅರ್ಥ?

ಐದು ಅಕ್ಷರದ ಇಂಗ್ಲಿಷ್ ಪದವನ್ನು ಆರು ಪ್ರಯತ್ನಗಳಲ್ಲಿ ಕಂಡುಹಿಡಿಯುವ ವರ್ಡಲ್ ಆಟ ನಮ್ಮಲ್ಲಿ ಅನೇಕರಿಗೆ ಅಂಟಿಕೊಂಡಿದೆ. ಜಾಶ್ ವಾರ್ಡಲ್ ಎಂಬ ಎಂಜಿನಿಯರ್ ಮಾಡಿದ ಈ ಆಟ 2021ರಲ್ಲಿ ಎಲ್ಲರಿಗೂ ಸಿಕ್ಕಿತು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಆಟದ ಜೊತೆಗೆ ಪಟ್ಟಿಗಳೂ ಬಂದಿವೆ: ಝಡ್‌ನಿಂದ ಕೊನೆಯಾಗುವ ಐದಕ್ಷರದ ಪದಗಳು, ಎರಡು ಓ ಇರುವ ಪದಗಳು, ಕ್ಯು ಇದ್ದು ಯು ಇಲ್ಲದ ಪದಗಳು. ಇವನ್ನು ಬಾಯಿಪಾಠ ಮಾಡಿದವರನ್ನು ನಾವು ಇಂಗ್ಲಿಷ್ ಬಲ್ಲವರು ಎನ್ನುತ್ತೇವೆ. ಉಳಿದವರು ಹಿಂದೆ ಸರಿದು ಕೂರುತ್ತಾರೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಪದಪಟ್ಟಿಗೂ ಭಾಷೆಗೂ ಎಷ್ಟು ದೂರ ಎಂಬುದಕ್ಕೆ ಸ್ಕ್ರ್ಯಾಬಲ್ ಆಟದಲ್ಲೇ ಉದಾಹರಣೆ ಇದೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಪ್ರಶಸ್ತಿ ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಪದಗಳ ಕಾಗುಣಿತವನ್ನು ಮಾತ್ರ ನೆನಪಿಟ್ಟುಕೊಂಡಿದ್ದರು. 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲೂ ಹಾಗೆಯೇ ಗೆದ್ದರು. ಅದು ದೊಡ್ಡ ಸಾಧನೆ, ಆಟಕ್ಕೆ ಅಷ್ಟು ಸಾಕು. ಆದರೆ ನಾವು ಇಂಗ್ಲಿಷ್ ಕಲಿಯುವುದು ಪುಸ್ತಕ ಓದಲು, ಸಂದರ್ಶನದಲ್ಲಿ ಉತ್ತರಿಸಲು, ಬ್ಯಾಂಕಿನ ಕಾಗದ ಅರ್ಥಮಾಡಿಕೊಂಡು ಸಹಿ ಹಾಕಲು. ಅಲ್ಲಿ ಅರ್ಥವಿಲ್ಲದ ಪದ ಉಪಯೋಗಕ್ಕೆ ಬಾರದು. ಅಕೌಂಟೆನ್ಸಿಯವರ ಮಾತಿನಲ್ಲಿ ಹೇಳುವುದಾದರೆ ಅದು ವಸೂಲಾಗದ ಸಾಲ: ಪುಸ್ತಕದಲ್ಲಿ ಇರುತ್ತದೆ, ಕೈಗೆ ಬರುವುದಿಲ್ಲ.

ಈಗ ಆ ಕ್ಯು ಪಟ್ಟಿಯನ್ನೇ ನೋಡೋಣ. ಸ್ಕ್ರ್ಯಾಬಲ್‌ನಲ್ಲಿ ಇರುವುದು ಒಂದೇ ಕ್ಯು, ಅದಕ್ಕೆ 10 ಅಂಕ. ಯು ನಾಲ್ಕೇ. ಯು ಸಿಗದಿದ್ದರೆ ಕ್ಯು ಕೈಯಲ್ಲೇ ಉಳಿದು ಅಂಕ ಕಳೆಯುತ್ತದೆ. ಅದಕ್ಕೇ ಆಟಗಾರರು ಯು ಬೇಡದ ಪದಗಳನ್ನು ಹುಡುಕಿ ಇಟ್ಟುಕೊಳ್ಳುತ್ತಾರೆ. ಐದಕ್ಷರದವುಗಳಲ್ಲಿ ಫಕೀರ್, ನಿಖಾಬ್, ತಲಾಖ್, ಖನಾತ್ ಇವೆ. ಈ ನಾಲ್ಕೂ ಅರಬಿ ಮೂಲದವು. ಉರ್ದುವಿನಲ್ಲಿ ಎರಡು ಚುಕ್ಕಿ ಇಟ್ಟು ಬರೆಯುವ ಖಾಫ್ ಅಕ್ಷರವನ್ನು ತೋರಿಸಲು ಇಂಗ್ಲಿಷ್‌ನವರು ಕ್ಯು ಹಾಕಿದ್ದಾರೆ. ಕ್ಯು ಬಂದರೆ ಯು ಬರಲೇಬೇಕು ಎಂದು ಶಾಲೆಯಲ್ಲಿ ಕಲಿತ ನಿಯಮ ಇಲ್ಲಿ ಸೋಲುತ್ತದೆ. ನಮ್ಮ ಮನೆಗಳ ದಖ್ಖನಿಯಲ್ಲಿ ಆ ಅಕ್ಷರ 'ಖ' ಆಗುತ್ತದೆ, ಲೇಖನಿಯನ್ನು ಖಲಮ್ ಎನ್ನುತ್ತೇವೆ. ಕನ್ನಡದಲ್ಲಿ ಅದೇ ಅಕ್ಷರ ಬಾಕಿ ಎಂಬ ಪದದೊಳಗೆ ಕುಳಿತಿದೆ. ವಾಣಿಜ್ಯ ವಿದ್ಯಾರ್ಥಿಗಳು ದಿನಾ ಬಳಸುವ ಪದ ಅದು!

ಪಟ್ಟಿ ಬಲ್ಲವರಿಗೆ ಇವು ಅಂಕ ತರುವ ಪದಗಳು ಮಾತ್ರ. ಅರ್ಥ ಬಲ್ಲವರಿಗೆ ಹಾಗಲ್ಲ. ನಿಖಾಬ್ ಮುಖ ಮುಚ್ಚುವ ಬಟ್ಟೆ, ಬುರ್ಖಾ ಮೈತುಂಬ ತೊಡುವ ಉಡುಪು, ಹಿಜಾಬ್ ತಲೆಗೂದಲು ಮುಚ್ಚುವ ವಸ್ತ್ರ. ಈ ಮೂರನ್ನೂ ಒಂದೇ ಎಂದುಕೊಂಡು ವಾದ ಮಾಡುವವರನ್ನು ನಾವೆಲ್ಲ ಕಂಡಿದ್ದೇವೆ. ಕಾಗುಣಿತ ಗೊತ್ತು, ಅರ್ಥ ಗೊತ್ತಿಲ್ಲ. ಅದರ ಪರಿಣಾಮ ಅನುಭವಿಸುವವರು ನಮ್ಮ ಅಕ್ಕತಂಗಿಯರು.

ಖನಾತ್ ಎಂದರೆ ಏನು? ಎತ್ತರದ ಜಾಗದ ಅಂತರ್ಜಲವನ್ನು ನೆಲದಡಿಯ ಸುರಂಗದ ಮೂಲಕ ಇಳಿಜಾರಿನಲ್ಲಿ ಊರಿಗೆ ಹರಿಸುವ ವ್ಯವಸ್ಥೆ. ಪಂಪ್ ಬೇಡ, ಬಿಸಿಲಿಗೆ ನೀರು ಆರುವುದೂ ಕಡಿಮೆ. ಇರಾನಿನ ಖನಾತ್‌ಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೇ ಬಗೆಯ ಸುರಂಗ ನಮ್ಮ ಬೀದರಿನ ನೌಬಾದಿನಲ್ಲಿದೆ. ಬಹಮನಿ ಸುಲ್ತಾನರ ಕಾಲದ ಅದನ್ನು ಕರೇಜ್ ಎನ್ನುತ್ತಾರೆ. ಪಟ್ಟಿಯಲ್ಲಿ ಓದಿದವನಿಗೆ ಖನಾತ್ ಐದು ಅಕ್ಷರ. ಅರ್ಥ ಹುಡುಕಿದವನಿಗೆ ಅದು ಬೀದರಿನ ಇತಿಹಾಸಕ್ಕೆ ದಾರಿ.

ಆಟ ಆಟವಾಗಿಯೇ ಇರಲಿ, ಅದರಲ್ಲೂ ಪಾಠ ಏಕೆ ಎಂದು ಕೆಲವರು ಕೇಳಬಹುದು. ಆಡಬೇಡಿ ಎಂದು ನಾನು ಹೇಳುತ್ತಿಲ್ಲ. ಕಾಗುಣಿತ ಗಟ್ಟಿಯಾಗಲು ಈ ಆಟಗಳು ಒಳ್ಳೆಯವು. ಆದರೆ ಕಾಲೇಜಿನಲ್ಲಿ ಪದ ಸ್ಪರ್ಧೆ ನಡೆಸುವಾಗ ನಿಯಮ ಸ್ವಲ್ಪ ಬದಲಾಗಲಿ ಎಂದು ಇಂಗ್ಲಿಷ್ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ. ಪದಕ್ಕೆ ಅರ್ಧ ಅಂಕ ಕೊಡಿ. ಉಳಿದರ್ಧ ಅದರ ಅರ್ಥಕ್ಕೆ ಇರಲಿ. ಆ ಅರ್ಥವನ್ನು ಕನ್ನಡ, ಉರ್ದು, ಬ್ಯಾರಿ, ಯಾವ ಮನೆಮಾತಿನಲ್ಲಾದರೂ ಹೇಳಲು ಬಿಡಿ. ಇಂಗ್ಲಿಷ್‌ಗೆ ಹೆದರಿ ಕೊನೆಯ ಬೆಂಚಿನಲ್ಲಿ ಕೂರುವವರೂ ಆಗ ಕೈ ಎತ್ತುತ್ತಾರೆ. ಅವರಿಗೆ ಎಷ್ಟು ಗೊತ್ತಿದೆ ಎಂಬುದು ನಮಗೂ ತಿಳಿಯುತ್ತದೆ, ಅವರಿಗೂ ತಿಳಿಯುತ್ತದೆ.