ಮೇ 17ರ ಹಬ್ಬ ಮತ್ತು ಆದವಾನಿಯ ಕನ್ನಡ

1865ರ ಮೇ 17ರಂದು ಪ್ಯಾರಿಸ್ ನಗರದಲ್ಲಿ ಇಪ್ಪತ್ತು ರಾಜ್ಯಗಳ ಪ್ರತಿನಿಧಿಗಳು ತಂತಿ ಸಂದೇಶಗಳ ಕುರಿತು ಒಂದು ಒಪ್ಪಂದಕ್ಕೆ ಸಹಿ ಮಾಡಿದರು. ಅದಕ್ಕೆ ಮುಂಚೆ ಯುರೋಪಿನಲ್ಲಿ ಒಂದು ದೇಶದ ತಂತಿ ಗಡಿಯವರೆಗೆ ಬಂದು ನಿಂತುಬಿಡುತ್ತಿತ್ತು. ಅಲ್ಲೊಬ್ಬ ಗುಮಾಸ್ತನು ಸಂದೇಶವನ್ನು ಕಾಗದದ ಮೇಲೆ ಬರೆದುಕೊಂಡು, ಬೇಕಾದರೆ ಭಾಷಾಂತರಿಸಿ, ಗಡಿಯಾಚೆಯ ಗುಮಾಸ್ತನ ಕೈಗೆ ಒಪ್ಪಿಸುತ್ತಿದ್ದ. ಆತ ಅದನ್ನು ಮತ್ತೆ ತಂತಿಗೆ ಏರಿಸುತ್ತಿದ್ದ. ಈ ತೊಡಕನ್ನು ನೀಗಿಸಿದ ದಿನವನ್ನು 1969ರಿಂದ ವಿಶ್ವ ದೂರಸಂಪರ್ಕ ದಿನವೆಂದು ಆಚರಿಸುತ್ತ ಬಂದರು. 2005ರ ನವೆಂಬರಿನಲ್ಲಿ ಟ್ಯುನಿಸ್‌ನಲ್ಲಿ ನಡೆದ ಶೃಂಗಸಭೆಯು ಇದೇ ದಿನವನ್ನು ವಿಶ್ವ ಮಾಹಿತಿ ಸಮಾಜ ದಿನವಾಗಿಯೂ ಆಚರಿಸಬೇಕೆಂದು ಕೇಳಿತು. ಮರುವರ್ಷ ವಿಶ್ವಸಂಸ್ಥೆ ಒಪ್ಪಿತು. ಹೀಗೆ ಮೇ 17 ದೂರಸಂಪರ್ಕ ಮತ್ತು ಮಾಹಿತಿ ಸಮಾಜದ ಅಂತರರಾಷ್ಟ್ರೀಯ ಹಬ್ಬವಾಗಿದೆ. ಜನಾಂಗ ಜನಾಂಗಗಳ ನಡುವಣ ಸಾಂಸ್ಕೃತಿಕ ಕೊಡುಕೊಳ್ಳುವಿಕೆಯ ಮಾತು ಆ ದಿನ ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತದೆ.

ಆ ಮಾತನ್ನು ಆದವಾನಿಯಲ್ಲಿ ನಿಂತು ಕೇಳಿದರೆ ಹೇಗೆ ಕೇಳಿಸೀತು?

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮೊದಲಿನ ಎರಡು ಕರ್ನೂಲಿನ ಪಾಲಾದವು. ಗಡಿ ಎಂದರೆ ನೆಲದ ಮೇಲಿನ ಗೆರೆ ಮಾತ್ರವಲ್ಲ. ಪುಸ್ತಕ, ಪತ್ರಿಕೆ, ಪರೀಕ್ಷೆ, ನೌಕರಿ ಎಲ್ಲವೂ ಆ ಗೆರೆಯನ್ನು ಅನುಸರಿಸಿದವು. ಕನ್ನಡ ಶಾಲೆಗೆ ಪಠ್ಯಪುಸ್ತಕ ತಡವಾಗಿ ಬರುವುದು, ಮೇಷ್ಟರು ನಿವೃತ್ತರಾದ ಮೇಲೆ ಹುದ್ದೆ ಖಾಲಿ ಉಳಿಯುವುದು ಈ ಸೀಮೆಯ ಓದುಗರಿಗೆ ಹೊಸ ಸಂಗತಿಯಲ್ಲ.

ಅಂತರಜಾಲವು ಈ ಗೆರೆಯನ್ನು ಒಂದು ದಿಕ್ಕಿನಲ್ಲಿ ಅಳಿಸಿಹಾಕಿತು ಎಂಬುದನ್ನು ಒಪ್ಪಲೇಬೇಕು. ಹೊಳಗುಂದದ ಮನೆಯಲ್ಲಿ ಕುಳಿತವರು ಬೆಂಗಳೂರಿನ ಪತ್ರಿಕೆಯನ್ನು ಅದು ಹೊರಟ ಗಳಿಗೆಯಲ್ಲಿಯೇ ಓದಬಲ್ಲರು. ಕರ್ನಾಟಕದ ಶಾಲಾ ಪುಸ್ತಕಗಳು ಜಾಲತಾಣದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಅಕ್ಷರಗಳ ವಿಷಯದಲ್ಲಂತೂ ಸೋಜಿಗವೇ ಇದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿಗೆ 128 ಮನೆಗಳು, ಅದರ ಬೆನ್ನಿಗೇ ಕನ್ನಡಕ್ಕೆ 128 ಮನೆಗಳು. ಎರಡರ ನಡುವೆ ಒಂದು ಗೇಣು ಜಾಗವೂ ಇಲ್ಲ. ಆದವಾನಿಯ ಪೇಟೆಯನ್ನು ಕಂಡವರೇ ಆ ಪಟ್ಟಿ ಮಾಡಿದರೇನೋ ಎನ್ನಿಸುತ್ತದೆ.

ಆದರೆ ಕೊಳ್ಳುವಿಕೆ ನಡೆದಷ್ಟು ಕೊಡುವಿಕೆ ನಡೆದಿಲ್ಲ. ಈ ಭಾಗದಿಂದ ಪ್ರತಿವರ್ಷ ತಪ್ಪದೆ ಜಾಲಕ್ಕೆ ಏರುವುದು ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ನಡೆಯುವ ಬಡಿಗೆಯಾಟದ ದೃಶ್ಯಗಳು. ಒಡೆದ ತಲೆಗಳನ್ನು ದೇಶವೆಲ್ಲ ನೋಡುತ್ತದೆ. ಮಾಳ ಮಲ್ಲೇಶ್ವರನ ಕಥೆಯನ್ನು ಹೇಳುವ ಮುದುಕರ ದನಿಯನ್ನು ಹಿಡಿದಿಡುವವರು ವಿರಳ. ಚಿಪ್ಪಗಿರಿಯ ವಿಚಾರವನ್ನು ನೋಡಿ. 1755ರಲ್ಲಿ ವಿಜಯದಾಸರು ದೇಹ ಬಿಟ್ಟ ಊರು ಅದು. ಅವರ ಕಟ್ಟೆ ಅಲ್ಲಿದೆ. ಅವರ ಸುಳಾದಿಗಳನ್ನು ಅಮೆರಿಕದಲ್ಲಿ ನೆಲೆಸಿದವರೂ ಕನ್ನಡ ಅಕ್ಷರಗಳಲ್ಲಿ ಜಾಲದಿಂದ ತೆಗೆದು ಹಾಡುತ್ತಾರೆ. ಅದೇ ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡುವ ಹುಡುಗನೊಬ್ಬ ಗೆಳೆಯನಿಗೆ ಮೊಬೈಲಿನಲ್ಲಿ ಕನ್ನಡದ ಮಾತನ್ನು ತೆಲುಗು ಅಕ್ಷರದಲ್ಲಿಯೋ ಇಂಗ್ಲಿಷ್ ಅಕ್ಷರದಲ್ಲಿಯೋ ಬರೆಯುತ್ತಾನೆ, ಏಕೆಂದರೆ ಶಾಲೆ ಅವನಿಗೆ ಕಲಿಸಿದ್ದು ಅವೆರಡನ್ನೇ. ಅವನನ್ನು ಹಳಿಯಬಾರದು. ಕನ್ನಡದಲ್ಲಿ ಬರೆಯುತ್ತಿದ್ದಾನಲ್ಲ, ಅಷ್ಟು ಉಳಿದಿದೆ. ತೆಲುಗು ಲಿಪಿಯನ್ನು ಕನ್ನಡ ಲಿಪಿಗೆ ಕ್ಷಣದಲ್ಲಿ ತಿರುಗಿಸಿಕೊಡುವ ಸಾಧನಗಳು ಜಾಲದಲ್ಲಿಯೇ ಇವೆ. ತೆಲುಗು ಬಲ್ಲವನಿಗೆ ಕನ್ನಡ ಅಕ್ಷರ ಕಲಿಯಲು ಒಂದು ಬೇಸಿಗೆ ರಜೆ ಹೆಚ್ಚು.

ಕೊಡಲು ಏನಿದೆ ಎಂದು ಕೇಳುವವರಿಗೆ ಒಂದು ಗ್ರಂಥವನ್ನು ತೋರಿಸಬಹುದು. ದಕ್ಷಿಣ ಭಾರತದ ಶಾಸನಗಳ ಮಾಲೆಯ ಒಂಬತ್ತನೆಯ ಸಂಪುಟವು ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳಿಗೇ ಮೀಸಲು. ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾಯರೂ ಸಂಪಾದಿಸಿದ ಅದರ ಮೊದಲ ಭಾಗ 1939ರಲ್ಲಿ ಹೊರಬಂದಿತು. ಆಗ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿದ್ದರಿಂದ ಆದವಾನಿ, ಆಲೂರು ತಾಲ್ಲೂಕುಗಳ ಕಲ್ಲುಗಳ ಪಾಠ ಅದರಲ್ಲಿದೆ. ಪುಸ್ತಕದ ಪುಟಗಳು ಚಿತ್ರರೂಪದಲ್ಲಿ ಜಾಲದಲ್ಲಿ ಸಿಗುತ್ತವೆ. ಒಂದು ಊರಿನವರು ತಮ್ಮೂರ ಕಲ್ಲಿನ ಪಾಠವನ್ನು ಅದರಲ್ಲಿ ಹುಡುಕಿ, ಕಲ್ಲು ಈಗ ಇರುವ ಜಾಗದ ಭಾವಚಿತ್ರದೊಡನೆ ವಿಕಿಪೀಡಿಯದಲ್ಲಿ ಇಟ್ಟರೆ ಸಾಕು. ಕನ್ನಡ ವಿಕಿಪೀಡಿಯ, ತೆಲುಗು ವಿಕಿಪೀಡಿಯ ಎರಡೂ 2003ರಲ್ಲಿಯೇ ಆರಂಭವಾದವು. ಆಂಧ್ರದ ಹಳ್ಳಿಗಳಿಗೆ ಒಂದೊಂದು ಪುಟ ಮಾಡುವ ಕೆಲಸವನ್ನು ತೆಲುಗಿನ ಸ್ವಯಂಸೇವಕರು ಬಹಳ ಹಿಂದೆಯೇ ಕೈಗೆತ್ತಿಕೊಂಡರು. ಕೌತಾಳ, ಹಾಲಹರ್ವಿ, ಕೋಸಿಗಿಗಳನ್ನು ಕುರಿತು ಕನ್ನಡದಲ್ಲಿ ಬರೆಯಲು ಬೆಂಗಳೂರಿನಿಂದ ಯಾರೂ ಬರಲಾರರು.

ಇನ್ನು ಕಾನೂನಿನ ಕಡೆಗೆ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವ ವ್ಯಕ್ತಿಯಾದರೂ ತನ್ನ ಕುಂದುಕೊರತೆಯ ಮನವಿಯನ್ನು ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕಾಗದದ ಮೇಲೆ ಬರೆದ ಕನ್ನಡದ ಅರ್ಜಿಯನ್ನು ತಹಸೀಲ್ದಾರರ ಕಚೇರಿ ಭಾಷೆಯ ಕಾರಣದಿಂದ ತಿರಸ್ಕರಿಸುವಂತಿಲ್ಲ. ಆದರೆ ಇಂದು ಅರ್ಜಿ ಕಾಗದದಲ್ಲಿ ಎಲ್ಲಿದೆ? ಗ್ರಾಮ ಸಚಿವಾಲಯದ ಗಣಕಯಂತ್ರದಲ್ಲಿದೆ, ಮೀಸೇವಾ ಕೇಂದ್ರದಲ್ಲಿದೆ. 2025ರ ಜನವರಿ 30ರಂದು ಶುರುವಾದ ‘ಮನ ಮಿತ್ರ’ ವಾಟ್ಸಾಪ್ ಸೇವೆಯಂತೂ ಕಚೇರಿಯನ್ನೇ ಅಂಗೈಗೆ ತಂದಿತು. ಅದು ಆರಂಭವಾದದ್ದು ತೆಲುಗು ಮತ್ತು ಇಂಗ್ಲಿಷಿನಲ್ಲಿ. ತೆಲುಗು ಓದಲು ಬಾರದ ಮುದುಕಿಯೊಬ್ಬಳು ಪಿಂಚಣಿಯ ಅಹವಾಲನ್ನು ಕನ್ನಡದಲ್ಲಿ ಹೇಳುತ್ತಾಳೆ. ಯಂತ್ರದ ಮುಂದೆ ಕುಳಿತ ಹುಡುಗ ಅದನ್ನು ತನಗೆ ತಿಳಿದಂತೆ ತೆಲುಗಿನಲ್ಲಿ ಕುಟ್ಟುತ್ತಾನೆ. ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. 1865ಕ್ಕಿಂತ ಮೊದಲಿನ ಗಡಿಯ ಗುಮಾಸ್ತ ಇಲ್ಲಿ ಇನ್ನೂ ನಿವೃತ್ತನಾಗಿಲ್ಲ. ಹುಡುಗನು ಒಳ್ಳೆಯವನೇ ಇರಬಹುದು. ಆದರೆ ತಾನು ಒತ್ತಿದ ಹೆಬ್ಬೆಟ್ಟಿನ ಕೆಳಗೆ ಏನಿದೆ ಎಂಬುದು ಆಕೆಗೆ ತಿಳಿಯದು, ಮತ್ತು ನಾಳೆ ಅರ್ಜಿ ವಜಾ ಆದರೆ ದಾಖಲೆಯಲ್ಲಿ ಉಳಿಯುವುದು ಆಕೆಯ ಮಾತಲ್ಲ.

ಇದಕ್ಕೆ ನ್ಯಾಯಾಲಯದ ಆಸರೆ ಇಲ್ಲದಿಲ್ಲ. 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂತರಜಾಲದ ಮೂಲಕ ನಡೆಯುವ ಅಭಿವ್ಯಕ್ತಿಗೆ ಸಂವಿಧಾನದ ರಕ್ಷಣೆ ಇದೆಯೆಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಸಿಡ್ ದಾಳಿಗೆ ತುತ್ತಾದವರೂ ಅಂಧರೂ ಬ್ಯಾಂಕಿನ ಗುರುತು ಪರಿಶೀಲನೆಯಲ್ಲಿ ಪಡುವ ಪಾಡಿನ ಮೊಕದ್ದಮೆ ಅದು. ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು 21ನೆಯ ಅನುಚ್ಛೇದದ ಬದುಕುವ ಹಕ್ಕಿನ ಭಾಗವೆಂದ ನ್ಯಾಯಪೀಠ, ಹೊರಗುಳಿದವರನ್ನು ಹೆಸರಿಸುವಾಗ ಹಳ್ಳಿಗರು, ವೃದ್ಧರು, ಬಡವರ ಜೊತೆಗೆ ಭಾಷಾ ಅಲ್ಪಸಂಖ್ಯಾತರನ್ನೂ ಹೆಸರಿಸಿತು. ಈ ಎರಡು ಪದಗಳನ್ನು ಗಡಿನಾಡಿನ ಸಂಘಗಳು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ. ರಾಜ್ಯೋತ್ಸವದ ಶಾಲು ಹಾರಗಳ ನಡುವೆ ಯಾರಾದರೊಬ್ಬರು ಆ ತೀರ್ಪನ್ನೂ 350ನೆಯ ಅನುಚ್ಛೇದವನ್ನೂ ಒಂದೇ ಮನವಿಯಲ್ಲಿ ಜೋಡಿಸಿ ಜಿಲ್ಲಾಧಿಕಾರಿಗಳಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಮನವಿಗೆ ಬಲ ಬರುವುದು ಅಂಕಿಗಳಿಂದ. ತಾಲ್ಲೂಕು ಅಥವಾ ಪುರಸಭೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳಿತೆಂದು ಕೇಂದ್ರ ಸರ್ಕಾರದ 1956ರ ಜ್ಞಾಪನಪತ್ರ ಹೇಳುತ್ತದೆ. 2022ರ ಏಪ್ರಿಲಿನಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾಯಿತು. ಕನ್ನಡದ ಮಂಡಲಗಳು ಕರ್ನೂಲಿನಲ್ಲಿಯೇ ಉಳಿದವು. ಹಾಗಾಗಿ ಜಿಲ್ಲೆಯ ಮಟ್ಟದಲ್ಲಿಯೂ ಕನ್ನಡಿಗರ ಪ್ರಮಾಣ ಹೆಚ್ಚಿದೆಯೇ ಹೊರತು ಇಳಿದಿಲ್ಲ. ಅದನ್ನು ಕಾಗದದ ಮೇಲೆ ತೋರಿಸಬೇಕಾದುದು 2027ರ ಜನಗಣತಿ. ಈ ಬಾರಿ ಎಣಿಕೆಯವರು ಬರುವುದು ಮೊಬೈಲು ಹಿಡಿದು. ಮನೆಯವರು ತಾವೇ ಜಾಲದಲ್ಲಿ ವಿವರ ತುಂಬುವ ಅವಕಾಶವೂ ಇದೆ. ಮಾತೃಭಾಷೆಯ ಕಾಲಮಿನಲ್ಲಿ ಮಗು ಓದುವ ಶಾಲೆಯ ಮಾಧ್ಯಮವನ್ನು ಬರೆದುಬಿಡುವುದು ಈ ಭಾಗದ ಹಳೆಯ ತಪ್ಪು. ಜನಗಣತಿಯ ವ್ಯಾಖ್ಯೆಯಂತೆ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. ತೆಲುಗು, ಇಂಗ್ಲಿಷ್ ಬಲ್ಲವರು ಅವನ್ನು ಬರೆಯಲು, 2011ರಲ್ಲಿ ಇದ್ದಂತೆ, ತಿಳಿದಿರುವ ಇತರ ಭಾಷೆಗಳ ಕಾಲಮು ಬೇರೆಯೇ ಇರುತ್ತದೆ. ಅದರಲ್ಲಿ ಎರಡಕ್ಕೆ ಜಾಗವಿದೆ.