ಒಂದು ಸಾಲಿನ ಕಾರಣಿಕ, ನೂರೆಂಟು ಅರ್ಥ

ಭರತ ಹುಣ್ಣಿಮೆ ಬಂತೆಂದರೆ ನಮ್ಮ ಹಗರಿಬೊಮ್ಮನಹಳ್ಳಿ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಈ ಸಲ ಕಾರಣಿಕ ಏನಾತು?" ಬಸ್ ಸ್ಟ್ಯಾಂಡಿನ ಚಹಾದಂಗಡಿ, ಗೊಬ್ಬರದಂಗಡಿ ಕಟ್ಟೆ, ಎಲ್ಲಿ ಹೋದರೂ ಇದೇ ಮಾತು. ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ತಲೆಯಲ್ಲಿತ್ತು. ಇವತ್ತು ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ನಮ್ಮ ಪಕ್ಕದ ಹೂವಿನಹಡಗಲಿ ತಾಲೂಕಿನಲ್ಲಿ, ತುಂಗಭದ್ರೆ ದಂಡೆಯ ಹತ್ತಿರ ಮೈಲಾರ ಇದೆ. ಅಲ್ಲಿಯ ಮೈಲಾರಲಿಂಗೇಶ್ವರ ಶಿವನ ಒಂದು ರೂಪ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತ ಕೂಗುತ್ತಾನೆ. ಲಕ್ಷಗಟ್ಟಲೆ ಜನ ತಟ್ಟನೆ ಸುಮ್ಮನಾಗುತ್ತಾರೆ. ಆಗ ಆತನ ಬಾಯಿಂದ ಒಂದೇ ಒಂದು ಸಾಲು ಬರುತ್ತೆ. ಆಮೇಲೆ ಬಿಲ್ಲಿನ ಮೇಲಿಂದ ಬೀಳುವ ಅವನನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲೇ ಕಾರಣಿಕ, ದೇವರ ಮಾತು ಅಂತ ನಂಬಿಕೆ. ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲೂ ದಸರಾ ಹೊತ್ತಿಗೆ ಇಂಥದ್ದೇ ಕಾರಣಿಕ ಆಗುತ್ತೆ.

ಕಾರಣಿಕದ ಸಾಲು ಬಹುತೇಕ ಒಗಟಿನಂತಿರುತ್ತೆ. ಹಿಂದೆ ಅದು ಜಾತ್ರೆಯಿಂದ ಊರಿಗೆ ಚಕ್ಕಡಿಯಲ್ಲಿ ನಿಧಾನಕ್ಕೆ ಬರುತ್ತಿತ್ತು. ಬರುವ ದಾರಿಯಲ್ಲೇ ನಾಲ್ಕು ಜನ ನಾಲ್ಕು ಥರ ಅರ್ಥ ಹೇಳಿ, ಜಗಳಾಡಿ, ನಕ್ಕು, ಕೊನೆಗೆ "ಆತ ನಡೆಸಿದಂಗ ಆಗ್ತೈತಿ" ಅಂತ ಎದ್ದು ಹೋಗುತ್ತಿದ್ದರು. ಈಗ ಗೊರವಯ್ಯ ಕೆಳಗಿಳಿಯುವಷ್ಟರಲ್ಲಿ ವಾಟ್ಸಾಪಿನಲ್ಲಿ ಅರ್ಥವೇ ಬಂದಿರುತ್ತೆ. ಯಾವ ಪಕ್ಷಕ್ಕೆ ಲಾಭ, ಯಾವ ನಾಯಕನ ಕುರ್ಚಿ ಅಲ್ಲಾಡುತ್ತೆ ಅಂತ ಸಂಜೆಯೊಳಗೆ ಟೀವಿಯವರು ತೀರ್ಪು ಕೊಟ್ಟಾಗಿರುತ್ತೆ. ನನ್ನ ತಕರಾರು ಇರೋದು ಇಲ್ಲಿ. ಕಾರಣಿಕದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಕೇಳಿ ಯೋಚಿಸುವ ಹಕ್ಕನ್ನು ನಾವು ಯಾರ್ಯಾರ ಕೈಗೋ ಕೊಟ್ಟು ಕೂತಿದ್ದೇವಲ್ಲ, ಅದರ ಮೇಲೆ.

"ಭಕ್ತಿ ಅಂದ್ಮೇಲೆ ಪ್ರಶ್ನೆ ಕೇಳಬಾರದು, ಹಿರಿಯರು ಹೇಳಿದ್ದನ್ನ ಒಪ್ಕೋಬೇಕು" ಅಂತ ನನಗೆ ಬುದ್ಧಿ ಹೇಳಿದವರು ಬಹಳ ಜನ. ಶಾಸ್ತ್ರದಲ್ಲೇ ಹಾಗಿದೆ ಅಂತಲೂ ಅವರ ವಾದ. ಸರಿ, ಶಾಸ್ತ್ರವನ್ನೇ ನೋಡೋಣ.

ಭಗವದ್ಗೀತೆಯ ನಾಲ್ಕನೇ ಅಧ್ಯಾಯದಲ್ಲಿ, ಜ್ಞಾನಿಗಳಿಂದ ತಿಳಿದುಕೊಳ್ಳೋದು ಹೇಗೆ ಅಂತ ಕೃಷ್ಣ ಮೂರು ದಾರಿ ಹೇಳುತ್ತಾನೆ: ನಮಸ್ಕಾರ, ಪ್ರಶ್ನೆ, ಸೇವೆ. ಮಧ್ಯದ್ದನ್ನು ಗಮನಿಸಿ. ಸುಮ್ಮನೆ ಪ್ರಶ್ನೆ ಅಂತಲೂ ಅಲ್ಲ, ಪರಿಪ್ರಶ್ನೆ. ಅಂದರೆ ಸುತ್ತ ಮುತ್ತಲಿಂದ, ಬಿಡದೆ ಕೇಳೋದು. ನಾವು ಮೊದಲನೆಯದನ್ನೂ ಮೂರನೆಯದನ್ನೂ ಇಟ್ಟುಕೊಂಡು ನಡುವಿನದನ್ನು ಎಲ್ಲೋ ಬೀಳಿಸಿಕೊಂಡಿದ್ದೇವೆ :-)

ಅರ್ಜುನನ್ನೇ ನೋಡಿ. ಮೂರನೇ ಅಧ್ಯಾಯದ ಶುರುವಿನಲ್ಲೇ, ಕಲಸುಮೇಲೋಗರದ ಮಾತಾಡಿ ನನ್ನ ಬುದ್ಧಿ ಕೆಡಿಸಬೇಡ, ಒಂದನ್ನು ಖಚಿತವಾಗಿ ಹೇಳು ಅಂತ ದೇವರಿಗೇ ಹೇಳುತ್ತಾನೆ! ಐದನೇ ಅಧ್ಯಾಯದಲ್ಲಿ ಮತ್ತೆ ಹೆಚ್ಚುಕಡಿಮೆ ಅದೇ ಪ್ರಶ್ನೆ. ಭಕ್ತಿಯೋಗ ಅನ್ನುವ ಹನ್ನೆರಡನೇ ಅಧ್ಯಾಯ ಶುರುವಾಗೋದೂ ಅವನ ಪ್ರಶ್ನೆಯಿಂದಲೇ. ಇಷ್ಟೆಲ್ಲ ಕೇಳಿದ್ದಕ್ಕೆ ಕೃಷ್ಣ ಅವನನ್ನು ಭಕ್ತರ ಪಟ್ಟಿಯಿಂದ ತೆಗೆದುಹಾಕಲಿಲ್ಲ. ಕಠೋಪನಿಷತ್ತಿನ ನಚಿಕೇತ ಅಂತೂ ಯಮನನ್ನೇ ಬಿಡಲಿಲ್ಲ. ಸಂಪತ್ತು, ಆಯುಷ್ಯ ಏನು ಬೇಕಾದರೂ ತಗೋ, ಈ ಪ್ರಶ್ನೆ ಬಿಟ್ಟುಬಿಡು ಅಂದರೂ ಹುಡುಗ ಜಗ್ಗಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸೋದು ಗೀತೆಯ ಹದಿನೆಂಟನೇ ಅಧ್ಯಾಯದ 63ನೇ ಶ್ಲೋಕ. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಕೃಷ್ಣನ ಮಾತಿನ ಸಾರ ಇಷ್ಟು: ಇದನ್ನು ಪೂರ್ತಿಯಾಗಿ ವಿಮರ್ಶೆ ಮಾಡು, ಆಮೇಲೆ ನಿನಗೆ ಹೇಗೆ ಬೇಕೋ ಹಾಗೆ ಮಾಡು. ವಿಶ್ವರೂಪ ತೋರಿಸಿದವನು ಇದನ್ನು ಹೇಳುತ್ತಿದ್ದಾನೆ! ಅವನೇ ತೀರ್ಮಾನವನ್ನು ಕೇಳುಗನಿಗೆ ಬಿಟ್ಟ ಮೇಲೆ, ಟೀವಿಯಲ್ಲಿ ಕೂತವರು ನಮ್ಮ ಪರವಾಗಿ ತೀರ್ಮಾನ ಮಾಡೋಕೆ ಯಾರು?

ಇದಕ್ಕೆ ಒಂದು ಎದುರುಮಾತು ಬರುತ್ತೆ, ಗೊತ್ತು. ಅದಾಗಿ ಮೂರೇ ಶ್ಲೋಕಕ್ಕೆ, 66ರಲ್ಲಿ, ಎಲ್ಲ ಬಿಟ್ಟು ನನಗೊಬ್ಬನಿಗೇ ಶರಣಾಗು ಅಂತ ಅವನೇ ಹೇಳುತ್ತಾನಲ್ಲ ಅಂತ. ನಿಜ, ಅದು ಸಣ್ಣ ಮಾತಲ್ಲ. ಆದರೆ ಕ್ರಮ ನೋಡಿ: ಮೊದಲು ವಿಮರ್ಶೆ, ಆಮೇಲೆ ಶರಣಾಗತಿ. ಯೋಚಿಸಿ, ಒದ್ದಾಡಿ, ಕೊನೆಗೆ ತಲೆಬಾಗುವುದಕ್ಕೂ ಯೋಚಿಸೋದೇ ಬೇಡ ಅಂತ ತಲೆಬಾಗುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ಬರೀ ಸೋಮಾರಿತನ ಸಾಕು.

ಹಾಗಂತ ಕಾರಣಿಕಕ್ಕೆ ಕಿವಿಗೊಡುವ ರೈತರನ್ನು ಮೂಢರು ಅನ್ನೋರ ಜೊತೆಗೂ ನಾನಿಲ್ಲ. ನಮ್ಮ ಕಡೆ ಬಹಳಷ್ಟು ಹೊಲ ಮಳೆಯನ್ನೇ ನಂಬಿದ್ದು. ಮೆಕ್ಕೆಜೋಳ, ಶೇಂಗಾ, ಜೋಳ, ಈರುಳ್ಳಿ ಯಾವುದು ಹಾಕಿದರೂ ಮಳೆಯೂ ಕೈಲಿಲ್ಲ, ರೇಟೂ ಕೈಲಿಲ್ಲ. ಸಾಲ ತಂದು ಬೀಜ ಗೊಬ್ಬರ ಕೊಂಡವನಿಗೆ ಒಂದು ಭರವಸೆಯ ಮಾತು ಬೇಕಾಗುತ್ತೆ. ನಮ್ಮ ಓಣಿಯ ಹಿರಿಯರೊಬ್ಬರನ್ನು ಒಮ್ಮೆ ಕೇಳಿದ್ದೆ, "ಕಾಕಾ, ಕಾರಣಿಕ ಕೇಳೇ ಬಿತ್ತೋದಾ ನೀವು?" ಅಂತ. ಅವರು ನಕ್ಕು ಅಂದಿದ್ದು: "ಕಾರಣಿಕ ಕಿವಿಲೆ ಕೇಳ್ತೀನಪ್ಪಾ, ಬಿತ್ತೋದು ಮಾತ್ರ ಹೊಲದಾಗ ಹಸಿ ನೋಡೇ."

ಶ್ರದ್ಧೆ ಅಂದರೆ ಇದು ಅಂತ ನನಗನ್ನಿಸುತ್ತೆ. ಭಾಗವತದಲ್ಲಿ ಪ್ರಹ್ಲಾದ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಮೊದಲನೆಯದು ಶ್ರವಣ, ಅಂದರೆ ಕೇಳೋದು. ಕಾಕಾ ಅದನ್ನು ಪೂರ್ತಿ ಮಾಡುತ್ತಾರೆ. ಆದರೆ ಕೇಳಿದ್ದಕ್ಕೆ ತಮ್ಮ ಬುದ್ಧಿಯನ್ನು ಒತ್ತೆ ಇಡೋದಿಲ್ಲ. ಅದೇ ಕಾಕಾ ಮೈಲಾರಕ್ಕೆ ಹೋದರೆ "ಏಳುಕೋಟಿ" ಅಂತ ಗಂಟಲು ಹರಿಯುವಂತೆ ಕೂಗುತ್ತಾರೆ. ಎರಡರ ನಡುವೆ ಅವರಿಗೆ ಯಾವ ತೊಡಕೂ ಕಂಡಿಲ್ಲ. ಇದೇ ನೆಲದಲ್ಲಿ ಗುರುವನ್ನು ದೇವರಿಗಿಂತ ಹತ್ತಿರ ಇಟ್ಟುಕೊಂಡ ಶರಣರೂ ಕೊನೆಗೆ ಅರಿವನ್ನೇ ಗುರುವಾಗಿ ಕಂಡರಲ್ಲ!

ಇನ್ನೊಂದು ವಿಷಯ. ಹನ್ನೆರಡನೇ ಅಧ್ಯಾಯದಲ್ಲಿ ಭಕ್ತನ ಲಕ್ಷಣದ ಪಟ್ಟಿಯೇ ಇದೆ. ಯಾವ ಜೀವಿಯನ್ನೂ ದ್ವೇಷಿಸದವನು, ಸ್ನೇಹ ಕರುಣೆ ಇದ್ದವನು, ಸುಖದುಃಖಗಳಲ್ಲಿ ಸಮವಾಗಿರುವವನು... ಹೀಗೆ ಸಾಗುತ್ತೆ. ಮುಂದಾಗೋದನ್ನು ಮೊದಲೇ ತಿಳಿದವನು ಅಂತ ಅದರಲ್ಲಿ ಎಲ್ಲೂ ಇಲ್ಲ. ಕಾರಣಿಕವನ್ನು ಎದುರು ಪಕ್ಷದವರ ಮೇಲೆ ಎಸೆಯೋ ಕಲ್ಲು ಮಾಡಿಕೊಂಡು ಮೊಬೈಲಿನಲ್ಲಿ ಬೈದಾಡುವವರು ಆ ಪಟ್ಟಿಯ ಮೊದಲ ಲಕ್ಷಣದಲ್ಲೇ ಫೇಲು.

ಮುಂದಿನ ಭರತ ಹುಣ್ಣಿಮೆಗೆ ಕಾರಣಿಕದ ಸಾಲು ನಿಮ್ಮ ಮೊಬೈಲಿಗೂ ಬರಬಹುದು. ಜೊತೆಗೆ ಬಂದ ಅರ್ಥವನ್ನು ಮುಂದಕ್ಕೆ ಕಳಿಸೋ ಮೊದಲು ಒಂದು ರಾತ್ರಿ ಆ ಸಾಲನ್ನಷ್ಟೇ ಇಟ್ಟುಕೊಂಡು ಕೂತು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ, ಏನಂತಾರೆ ಕೇಳಿ. ನಿಮ್ಮೂರಿನಲ್ಲೂ ಇಂಥ ಕಾರಣಿಕವೋ, ಹೇಳಿಕೆಯೋ ಇದ್ದರೆ ಜನ ಅದನ್ನು ಹೇಗೆ ಅರ್ಥ ಮಾಡಿಕೊಳ್ತಾರೆ ಅಂತ ಬರೆಯಿರಿ, ಓದೋಕೆ ಕಾಯ್ತಿರ್ತೀನಿ. ನನ್ನ ಮಾತು ತಪ್ಪು ಅನ್ನಿಸಿದರೆ ಅದನ್ನೂ ಬರೆಯಿರಿ. ಪರಿಪ್ರಶ್ನೆಗೆ ಇಲ್ಲಿ ಯಾವಾಗಲೂ ಸ್ವಾಗತ!